ಒಂದು ಚಿತ್ರ, ಎರಡು ಬೆಳಕು

ಮದುವೆ ಆಲ್ಬಮ್‌ಗಳನ್ನು ತಿರುವಿ ಹಾಕಿದರೆ ಒಂದು ಬಗೆಯ ಚಿತ್ರ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಸಿಗುತ್ತದೆ. ವಧುವಿನ ಮುಖ ಬಿಳಿಚಿಕೊಂಡಿದೆ. ಕಿವಿಯ ಪಕ್ಕದಲ್ಲಿ ಗಡುಸು ಅಂಚಿನ ಕಪ್ಪು ನೆರಳು. ಹಿಂದಿನ ಹೂವಿನ ಅಲಂಕಾರ, ದೀಪದ ಸರಗಳು, ಕುರ್ಚಿಗಳಲ್ಲಿ ಕುಳಿತ ನೆಂಟರು ಎಲ್ಲವೂ ಕತ್ತಲಲ್ಲಿ ಮುಳುಗಿವೆ. ಅಂದು ಛತ್ರದಲ್ಲಿ ಅಷ್ಟು ಕತ್ತಲೆ ಇರಲಿಲ್ಲ, ಆ ಹುಡುಗಿಯ ಮೈಬಣ್ಣವೂ ಅದಲ್ಲ. ಜನ ಇದಕ್ಕೆ ಫ್ಲಾಶನ್ನು ದೂರುತ್ತಾರೆ. ಎಷ್ಟೋ ಹವ್ಯಾಸಿಗಳು ಇದೇ ಕಾರಣಕ್ಕೆ ಫ್ಲಾಶ್ ಎಂದರೆ ದೂರ ಸರಿಯುತ್ತಾರೆ. ಆದರೆ ತಪ್ಪು ಆ ಉಪಕರಣದ್ದಲ್ಲ, ಅದರ ಬೆಳಕನ್ನು ಅಳೆಯುವ ಕ್ರಮದ್ದು.

ಫ್ಲಾಶ್ ಬಳಸಿ ತೆಗೆದ ಪ್ರತಿ ಚಿತ್ರದಲ್ಲೂ ಎರಡು ಎಕ್ಸ್‌ಪೋಶರ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಮೊದಲನೆಯದು ಜಾಗದಲ್ಲಿ ಆಗಲೇ ಇರುವ ಬೆಳಕಿನದು: ಕಿಟಕಿ, ಟ್ಯೂಬ್‌ಲೈಟು, ದೀಪ, ವಿಡಿಯೊದವರು ಹಿಡಿದ ಎಲ್‌ಇಡಿ. ಎರಡನೆಯದು ಫ್ಲಾಶಿನದು. ಎರಡಕ್ಕೂ ಲೆಕ್ಕ ಬೇರೆ, ತಿರುಗಿಸಬೇಕಾದ ಗುಂಡಿಗಳೂ ಬೇರೆ. ಇದೊಂದು ಮನಸ್ಸಿಗೆ ಹತ್ತಿದರೆ ಫ್ಲಾಶಿನ ಬಗೆಗಿನ ಅರ್ಧ ಗೊಂದಲ ಕಳೆದಂತೆಯೇ.

ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲಾಶಿನೊಳಗೆ ನಾಲ್ಕು ಪೆನ್ಸಿಲ್ ಸೆಲ್‌ಗಳು ಒಂದು ದೊಡ್ಡ ಕೆಪಾಸಿಟರನ್ನು ಸುಮಾರು 300 ವೋಲ್ಟ್‌ಗೆ ತುಂಬಿಸುತ್ತವೆ. ಶಟರ್ ತೆರೆದ ಗಳಿಗೆಯಲ್ಲಿ ಆ ಶಕ್ತಿ ಕ್ಸೆನಾನ್ ಅನಿಲ ತುಂಬಿದ ಗಾಜಿನ ನಳಿಗೆಯ ಮೂಲಕ ಹರಿದು ಬೆಳಕಾಗುತ್ತದೆ. ಪೂರ್ಣ ಶಕ್ತಿಯಲ್ಲಿ ಆ ಬೆಳಕು ಇರುವುದು 1/1000 ಸೆಕೆಂಡಿನ ಆಸುಪಾಸು. ಶಕ್ತಿ ಇಳಿಸಿದಂತೆ ಫ್ಲಾಶ್ ಮಂಕಾಗಿ ಉರಿಯುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಲ್ಲ, ಅದು ಬೇಗ ಆರುತ್ತದೆ. ತೀರ ಕಡಿಮೆ ಶಕ್ತಿಯಲ್ಲಿ ಮಿಂಚಿನ ಅವಧಿ 1/20,000 ಸೆಕೆಂಡಿಗಿಂತಲೂ ಚಿಕ್ಕದು. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಿಂದ ಈ ಮಿಂಚನ್ನೇ ಪಳಗಿಸಿ, ಸಿಡಿಯುವ ಹಾಲಿನ ಹನಿ ಕಿರೀಟದ ಆಕಾರ ತಳೆಯುವುದನ್ನೂ ಸೇಬನ್ನು ಸೀಳಿ ಹೊರಬರುವ ಗುಂಡನ್ನೂ ಚಿತ್ರದಲ್ಲಿ ಹಿಡಿದರು.

ಈ ಅಲ್ಪಾವಧಿಯಿಂದಲೇ ಎರಡು ಲೆಕ್ಕಗಳು ಬೇರೆಯಾಗುತ್ತವೆ. ಶಟರ್ 1/60 ಸೆಕೆಂಡ್ ತೆರೆದಿರಲಿ, 1/200 ಸೆಕೆಂಡ್ ತೆರೆದಿರಲಿ, ಫ್ಲಾಶಿನ ಇಡೀ ಬೆಳಕು ಅದರೊಳಗೆ ಬಂದು ಮುಗಿದುಹೋಗುತ್ತದೆ. ಹಾಗಾಗಿ ಶಟರ್ ಸ್ಪೀಡ್ ಫ್ಲಾಶಿನ ಬೆಳಕನ್ನು ಹೆಚ್ಚಿಸುವುದೂ ಇಲ್ಲ, ತಗ್ಗಿಸುವುದೂ ಇಲ್ಲ. ಛತ್ರದ ದೀಪಗಳಾದರೋ ಸತತವಾಗಿ ಉರಿಯುತ್ತಿರುತ್ತವೆ. ಶಟರ್ ಎಷ್ಟು ಹೊತ್ತು ತೆರೆದಿದ್ದರೆ ಅಷ್ಟು ಬೆಳಕು ಒಳಗೆ ಸೇರುತ್ತದೆ. ಅಪರ್ಚರ್ ಮತ್ತು ಐಎಸ್‌ಒ ಎರಡೂ ಬೆಳಕುಗಳ ಮೇಲೆ ಒಟ್ಟಿಗೆ ಕೆಲಸ ಮಾಡುತ್ತವೆ. ಫ್ಲಾಶಿನ ಶಕ್ತಿ ಮತ್ತು ಅದರಿಂದ ಮುಖಕ್ಕಿರುವ ದೂರ ಫ್ಲಾಶಿನ ಪಾಲನ್ನು ಮಾತ್ರ ಬದಲಿಸುತ್ತವೆ.

ಆಲ್ಬಮ್‌ನ ಆ ಚಿತ್ರಕ್ಕೇ ಹಿಂದಿರುಗಿ ನೋಡೋಣ. ಐಎಸ್‌ಒ 100, ಎಫ್ 8, 1/200 ಎಂದು ಇಟ್ಟು ತೆಗೆದರೆ ಸಾಧಾರಣ ಛತ್ರದೊಳಗಿನ ದೀಪದ ಬೆಳಕು ಆರೇಳು ಸ್ಟಾಪ್‌ಗಳಷ್ಟು ಕೊರತೆಯಾಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧವಾಗುವುದು). ಅಂದರೆ ಫ್ಲಾಶ್ ತಲುಪಿದ್ದಷ್ಟೇ ಚಿತ್ರ, ಉಳಿದದ್ದು ಕತ್ತಲೆ. ಅದೇ ಜಾಗದಲ್ಲಿ ಐಎಸ್‌ಒ 800, ಎಫ್ 4, 1/60 ಅಥವಾ 1/125 ಎಂದು ಇಟ್ಟುಕೊಂಡರೆ ಹಿಂದಿನ ಹೂವು, ದೀಪ, ಜನ ಎಲ್ಲವೂ ತಮ್ಮ ಬೆಳಕಿನಲ್ಲೇ ಕಾಣುತ್ತವೆ. ಫ್ಲಾಶ್ ಆಗ ಮುಖಕ್ಕೆ ಬೇಕಾದಷ್ಟನ್ನು ಸೇರಿಸಿದರೆ ಸಾಕು. ಆದ್ದರಿಂದ ಛತ್ರಕ್ಕೆ ಕಾಲಿಟ್ಟ ಕೂಡಲೇ ಮಾಡಬೇಕಾದ ಮೊದಲ ಕೆಲಸ ಫ್ಲಾಶ್ ಆರಿಸಿಟ್ಟು ಒಂದು ಚಿತ್ರ ತೆಗೆಯುವುದು. ಅದರಲ್ಲಿ ಹಿನ್ನೆಲೆ ಕಣ್ಣಿಗೆ ಕಂಡದ್ದಕ್ಕಿಂತ ಒಂದು ಸ್ಟಾಪ್‌ನಷ್ಟು ಕಪ್ಪಾಗುವಂತೆ ಕ್ಯಾಮೆರಾವನ್ನು ಹೊಂದಿಸಿ, ಆಮೇಲೆ ಫ್ಲಾಶ್ ಹೊತ್ತಿಸಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟು ದುಬಾರಿ ಕ್ಯಾಮೆರಾ ಇದ್ದರೂ ಛತ್ರ ಗವಿಯಾಗುತ್ತದೆ.

ಶಟರ್ ವೇಗಕ್ಕೆ ಒಂದು ಮೇಲಿನ ಮಿತಿ ಇದೆ. ಕ್ಯಾಮೆರಾದ ಶಟರಿನಲ್ಲಿ ಎರಡು ಪರದೆಗಳಿರುತ್ತವೆ: ಮೊದಲನೆಯದು ಸೆನ್ಸರನ್ನು ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. ವೇಗ ಹೆಚ್ಚಿದಂತೆ ಮೊದಲನೆಯದು ಪೂರ್ತಿ ಸರಿಯುವ ಮುಂಚೆಯೇ ಎರಡನೆಯದು ಹೊರಟುಬಿಡುತ್ತದೆ. ಆಗ ಸೆನ್ಸರು ಒಂದೇ ಸಲಕ್ಕೆ ಪೂರ್ತಿ ತೆರೆದಿರುವುದೇ ಇಲ್ಲ. ಪೂರ್ತಿ ತೆರೆದಿರುವ ಅತಿ ಹೆಚ್ಚಿನ ವೇಗವೇ ಸಿಂಕ್ ಸ್ಪೀಡ್. ಇಂದಿನ ಬಹುಪಾಲು ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತಿದ್ದ ಎಷ್ಟೋ ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ 1/60. ಅದನ್ನು ದಾಟಿದರೆ ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬೀಳುತ್ತದೆ. ಹೈ ಸ್ಪೀಡ್ ಸಿಂಕ್ ಎಂಬ ಸೌಲಭ್ಯ ಬೆಳಕನ್ನು ಸಣ್ಣ ಸಣ್ಣ ಮಿಡಿತಗಳಾಗಿ ಒಡೆದು ಈ ಮಿತಿಯನ್ನು ದಾಟಿಸುತ್ತದೆ. ಬೆಲೆಯಾಗಿ ಶಕ್ತಿಯ ಬಹುಪಾಲನ್ನು ತಿನ್ನುತ್ತದೆ. ಮಟಮಟ ಮಧ್ಯಾಹ್ನ ಮರದಡಿ ವಧೂವರರನ್ನು ನಿಲ್ಲಿಸಿ, ಹಿನ್ನೆಲೆ ಮಸುಕಾಗಲೆಂದು ಎಫ್ 2.8 ಇಡುವವರಿಗೆ ಅದು ಬೇಕು. ಛತ್ರದೊಳಗೆ ಅದರ ಕೆಲಸವಿಲ್ಲ.

ದೂರದ ವಿಚಾರಕ್ಕೆ ಬಂದರೆ ಲೆಕ್ಕ ನಿರ್ದಾಕ್ಷಿಣ್ಯವಾದದ್ದು. ದೂರ ಎರಡರಷ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಎರಡು ಮೀಟರ್ ದೂರದಲ್ಲಿ ನಿಂತ ವಧುವಿಗೆ ಸರಿಯಾಗಿ ಬಿದ್ದ ಬೆಳಕು ನಾಲ್ಕು ಮೀಟರ್ ದೂರದ ಸೋದರಮಾವನಿಗೆ ಎರಡು ಸ್ಟಾಪ್ ಕಡಿಮೆ, ಎಂಟು ಮೀಟರ್ ದೂರದ ನೆಂಟರಿಗೆ ನಾಲ್ಕು ಸ್ಟಾಪ್ ಕಡಿಮೆ. ಊಟವಾದ ಮೇಲೆ ಕುಟುಂಬದ ಗ್ರೂಪ್ ಫೋಟೊ ತೆಗೆಯುವಾಗ ಇದನ್ನು ಮರೆತರೆ ಮುಂದೆ ಕುಳಿತ ಮಕ್ಕಳು ಬೆಳ್ಳಗಾಗಿ, ಹಿಂದೆ ನಿಂತ ದೊಡ್ಡಪ್ಪ ಚಿಕ್ಕಪ್ಪಂದಿರು ಕಪ್ಪಾಗುತ್ತಾರೆ. ಪರಿಹಾರ ಹಿಂದೆ ಸರಿಯುವುದು. ಎರಡು ಮೀಟರಿನಿಂದ ತೆಗೆದಾಗ ಒಂದು ಮೀಟರ್ ಹಿಂದಿರುವ ಸಾಲಿಗೆ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕು ತಗ್ಗಿದರೆ, ಐದು ಮೀಟರಿನಿಂದ ತೆಗೆದಾಗ ತಗ್ಗುವುದು ಅರ್ಧ ಸ್ಟಾಪ್ ಮಾತ್ರ. ಫ್ಲಾಶ್ ಆರು ಪಟ್ಟು ಹೆಚ್ಚು ದುಡಿಯಬೇಕಾಗುತ್ತದೆ, ದುಡಿಯಲಿ.

ಈ ನಿಯಮವನ್ನೇ ಬಾಯಿಲೆಕ್ಕಕ್ಕೆ ಇಳಿಸಿದ್ದು ಗೈಡ್ ನಂಬರ್. ಫ್ಲಾಶಿನ ಗೈಡ್ ನಂಬರನ್ನು ಮೀಟರುಗಳಲ್ಲಿನ ದೂರದಿಂದ ಭಾಗಿಸಿದರೆ ಬೇಕಾದ ಅಪರ್ಚರ್ ಸಿಗುತ್ತದೆ. ಐಎಸ್‌ಒ 100ಕ್ಕೆ 40 ಎಂದಿದ್ದರೆ ಐದು ಮೀಟರ್ ದೂರಕ್ಕೆ ಎಫ್ 8, ಹತ್ತು ಮೀಟರ್‌ಗೆ ಎಫ್ 4. ಐಎಸ್‌ಒವನ್ನು 400ಕ್ಕೆ ಏರಿಸಿದರೆ ಸಂಖ್ಯೆ 80 ಆಗುತ್ತದೆ, ಹತ್ತು ಮೀಟರ್‌ಗೂ ಎಫ್ 8 ಸಾಕು. ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ಫ್ಲಾಶಿನ ತಲೆಯನ್ನು ಝೂಮ್ ಮಾಡಿ ಬೆಳಕನ್ನು ಕಿರಿದಾಗಿಸಿದಾಗ ಬರುವ ದೊಡ್ಡ ಸಂಖ್ಯೆಯನ್ನೇ ಕಂಪನಿಗಳು ಡಬ್ಬಿಯ ಮೇಲೆ ಅಚ್ಚು ಹಾಕುತ್ತವೆ. 200 ಮಿ.ಮೀ. ಝೂಮಿನಲ್ಲಿ 60 ಎನ್ನುವ ಫ್ಲಾಶು 35 ಮಿ.ಮೀ.ನಲ್ಲಿ ಅಷ್ಟು ಕೊಡುವುದಿಲ್ಲ.

ಹಿಂದಿನವರಿಗೆ ಈ ಗಣಿತವೂ ಇರಲಿಲ್ಲ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೋಹಾನೆಸ್ ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಫ್ಲಾಶ್ ಪುಡಿಯನ್ನು ಕಂಡುಹಿಡಿದರು. ಅದೇ ಪುಡಿಯನ್ನು ಹೊತ್ತಿಸಿ ಪತ್ರಕರ್ತ ಜೇಕಬ್ ರೀಸ್ ನ್ಯೂಯಾರ್ಕಿನ ಕತ್ತಲೆ ಕೋಣೆಗಳಲ್ಲಿ ಬಡವರು ಹೇಗೆ ಬದುಕುತ್ತಿದ್ದಾರೆಂದು ಜಗತ್ತಿಗೆ ತೋರಿಸಿದರು. ಎಷ್ಟು ಪುಡಿ ಹಾಕಬೇಕೆಂಬುದು ಅಂದಾಜು, ಬೆಂಕಿ ಹತ್ತುವ ಭಯ ಬೇರೆ. 1929ರ ಹೊತ್ತಿಗೆ ಗಾಜಿನ ಬಲ್ಬಿನೊಳಗೆ ಉರಿದು ಮುಗಿಯುವ ಫ್ಲಾಶ್ ಬಲ್ಬು ಬಂತು. ಒಂದು ಚಿತ್ರಕ್ಕೆ ಒಂದು ಬಲ್ಬು. 1960ರ ದಶಕದಲ್ಲಿ ಫ್ಲಾಶಿನ ಮುಖದಲ್ಲೇ ಒಂದು ಸಣ್ಣ ಕಣ್ಣನ್ನು ಕೂರಿಸಿ, ಎದುರಿನಿಂದ ಸಾಕಷ್ಟು ಬೆಳಕು ಮರಳಿದೊಡನೆ ಫ್ಲಾಶ್ ತಾನೇ ಆರುವಂತೆ ಮಾಡಿದರು. ಈ ಆಟೊ ಫ್ಲಾಶ್‌ಗಳು ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಆ ಕಣ್ಣಿಗೆ ಲೆನ್ಸ್ ಏನು ನೋಡುತ್ತಿದೆ ಎಂದು ಗೊತ್ತಿರಲಿಲ್ಲ.

1975ರಲ್ಲಿ ಒಲಿಂಪಸ್ ಕಂಪನಿಯ ಓಎಂ–2 ಆ ಕೊರತೆಯನ್ನು ನೀಗಿಸಿತು. ಯೋಶಿಹಿಸಾ ಮೈತಾನಿ ನೇತೃತ್ವದಲ್ಲಿ ರೂಪುಗೊಂಡ ಆ ಕ್ಯಾಮೆರಾ, ಲೆನ್ಸ್ ದಾಟಿ ಒಳಬಂದು ಫಿಲ್ಮ್‌ನ ಮೇಲೆ ಬಿದ್ದು ಚದುರುತ್ತಿದ್ದ ಬೆಳಕನ್ನೇ ಅಳೆದು, ಸಾಕೆನಿಸಿದ ಗಳಿಗೆಯಲ್ಲಿ ಫ್ಲಾಶನ್ನು ಕತ್ತರಿಸುತ್ತಿತ್ತು. ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಅಳೆಯುವುದು, ತೀರ್ಮಾನಿಸುವುದು, ನಿಲ್ಲಿಸುವುದು, ಮೂರೂ ಮುಗಿಯುತ್ತಿದ್ದವು. ಕ್ಯಾಮೆರಾ ಚರಿತ್ರೆಯಲ್ಲಿ ಇಷ್ಟು ಸುಂದರವಾದ ಎಂಜಿನಿಯರಿಂಗ್ ವಿರಳ ಎಂಬುದು ನನ್ನ ಭಾವನೆ. ಡಿಜಿಟಲ್ ಬಂದಾಗ ಆ ದಾರಿ ಮುಚ್ಚಿತು. ಸೆನ್ಸರಿನ ನುಣುಪು ಮೇಲ್ಮೈ ಫಿಲ್ಮ್‌ನಂತೆ ಬೆಳಕನ್ನು ಸಮನಾಗಿ ಚದುರಿಸುವುದಿಲ್ಲ.

ಹೀಗಾಗಿ ಈಗಿನ ಟಿಟಿಎಲ್, ಅಂದರೆ ಲೆನ್ಸ್ ಮೂಲಕವೇ ಬೆಳಕನ್ನು ಅಳೆಯುವ ಕ್ರಮ, ಬೇರೆ ದಾರಿ ಹಿಡಿದಿದೆ. ನಾವು ಗುಂಡಿ ಒತ್ತಿದಾಗ ಕ್ಯಾಮೆರಾ ಮೊದಲು ಜಾಗದ ಬೆಳಕನ್ನು ಅಳೆಯುತ್ತದೆ. ಅನಂತರ ಫ್ಲಾಶ್ ಒಂದು ಸಣ್ಣ, ತಿಳಿದ ಪ್ರಮಾಣದ ಮುನ್ನ ಮಿಂಚನ್ನು ಹಾರಿಸುತ್ತದೆ. ಅದು ಎಷ್ಟು ಮರಳಿತೆಂದು ಅಳೆದು, ಮುಖ್ಯ ಮಿಂಚಿಗೆ ಎಷ್ಟು ಶಕ್ತಿ ಬೇಕೆಂದು ಲೆಕ್ಕ ಹಾಕಿ, ಆಮೇಲೆ ಶಟರ್ ತೆರೆಯುತ್ತದೆ. ಸಾರನ್ನು ಒಂದು ಹನಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ ಉಪ್ಪು ಎಷ್ಟೆಂದು ಎಣಿಸಿದ ಹಾಗೆ. ಕ್ಯಾನನ್ನಿನ ಇ–ಟಿಟಿಎಲ್ 1995ರಲ್ಲಿ, ನಿಕಾನಿನ ಐ–ಟಿಟಿಎಲ್ 2003ರಲ್ಲಿ ಬಂದವು. ಎರಡರ ಜೀವಾಳವೂ ಇದೇ. ಎರಡು ಮಿಂಚುಗಳ ನಡುವಿನ ಬಿಡುವು ನಮ್ಮ ಕಣ್ಣಿಗೆ ತಿಳಿಯದಷ್ಟು ಕಿರಿದು. ಆದರೂ ರೆಪ್ಪೆ ಚುರುಕಾಗಿರುವ ಕೆಲವರು ಮೊದಲ ಮಿಂಚಿಗೇ ಕಣ್ಣು ಮುಚ್ಚಿ, ಪ್ರತಿ ಚಿತ್ರದಲ್ಲೂ ಕಣ್ಣು ಮುಚ್ಚಿಯೇ ಸಿಗುತ್ತಾರೆ. ಬೈಸಿಕೊಳ್ಳುವವರು ಪಾಪ ಅವರೇ. ಅಂಥವರಿಗೆ ಫ್ಲಾಶನ್ನು ಮ್ಯಾನುವಲ್‌ಗೆ ಬದಲಿಸಿದರೆ ಮುನ್ನ ಮಿಂಚೇ ಇರುವುದಿಲ್ಲ.

ಟಿಟಿಎಲ್‌ಗೆ ಗೊತ್ತಾಗುವುದು ಎಷ್ಟು ಬೆಳಕು ಮರಳಿತೆಂಬುದಷ್ಟೇ. ಎದುರಿನ ವಸ್ತು ಬಿಳಿಯದೋ ಕಪ್ಪೋ ಅದಕ್ಕೆ ತಿಳಿಯದು. ಎಲ್ಲವೂ ಸರಾಸರಿ ನಡುಬೂದು ಎಂದು ನಂಬಿಕೊಂಡು ಅದು ಲೆಕ್ಕ ಕಟ್ಟುತ್ತದೆ. ನಮ್ಮ ಧಾರೆ ಮಂಟಪ ಆ ನಂಬಿಕೆಯನ್ನು ಪರೀಕ್ಷಿಸಲೆಂದೇ ಸಜ್ಜಾದ ಜಾಗ. ಕೆಂಪಂಚಿನ ಬಿಳಿ ಧಾರೆ ಸೀರೆ, ವರನ ಬಿಳಿ ಪಂಚೆ, ಶಲ್ಯ, ಪೇಟ, ನಡುವೆ ಹಿಡಿದ ಅಂತರಪಟದ ಬಿಳಿ ಬಟ್ಟೆ. ಇವೆಲ್ಲ ಸೇರಿ ಬೆಳಕನ್ನು ಧಾರಾಳವಾಗಿ ಮರಳಿಸುತ್ತವೆ. ಇಷ್ಟು ಸಾಕೆಂದು ಕ್ಯಾಮೆರಾ ಫ್ಲಾಶನ್ನು ತಗ್ಗಿಸುತ್ತದೆ. ಬಿಳಿ ಸೀರೆ ಮಾಸಲಾಗಿ, ಮುಖ ಅದಕ್ಕಿಂತ ಕಪ್ಪಾಗಿ ಬರುತ್ತದೆ. ಅಂತರಪಟದ ಹೊತ್ತಿನಲ್ಲಿ ಇದು ಇನ್ನೂ ಹೆಚ್ಚು: ಬದಿಯಿಂದ ತೆಗೆಯುವವರಿಗೆ ಆ ಬಟ್ಟೆ ಮುಖಕ್ಕಿಂತ ಹತ್ತಿರದಲ್ಲಿರುತ್ತದೆ. ಅಲ್ಲಿ ಫ್ಲಾಶಿನ ಪಾಲನ್ನು ಏರಿಳಿಸುವ ಫ್ಲಾಶ್ ಕಾಂಪೆನ್ಸೇಶನ್ನನ್ನು ಒಂದು ಸ್ಟಾಪ್‌ನಷ್ಟು ಏರಿಸಬೇಕು. ಸಂಜೆಯ ಆರತಕ್ಷತೆಯಲ್ಲಿ ವರ ಕಪ್ಪು ಸೂಟಿನಲ್ಲಿ ಗಾಢ ಬಣ್ಣದ ಪರದೆಯ ಮುಂದೆ ನಿಂತಾಗ ಇದು ತಿರುವುಮುರುವು. ಬೆಳಕು ಮರಳಲಿಲ್ಲವೆಂದು ಕ್ಯಾಮೆರಾ ಸುರಿಯುತ್ತದೆ, ಮುಖ ಉರಿದುಹೋಗುತ್ತದೆ. ಒಂದು ಸ್ಟಾಪ್ ಇಳಿಸಬೇಕು. ಈ ಗುಂಡಿ ಕ್ಯಾಮೆರಾದ ಸಾಮಾನ್ಯ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಗುಂಡಿಗಿಂತ ಬೇರೆಯದು ಎಂಬುದು ನೆನಪಿರಲಿ. ಇನ್ನೊಂದು ಸಾಧನ ಫ್ಲಾಶ್ ಎಕ್ಸ್‌ಪೋಶರ್ ಲಾಕ್: ಮುಖದ ಮೇಲೆ ಕೇಂದ್ರವಿಟ್ಟು ಮುನ್ನ ಮಿಂಚು ಹಾರಿಸಿ ಅಳತೆಯನ್ನು ಹಿಡಿದಿಟ್ಟುಕೊಂಡು, ಬಳಿಕ ಚೌಕಟ್ಟು ಕೂಡಿಸಿ ತೆಗೆಯುವುದು. ಕಾಸಿನ ಸರ, ಡಾಬು, ಜರಿಯಂಚು ಥಳಥಳಿಸಿ ಅಳತೆ ಕೆಡಿಸುವ ಕಡೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಇಲ್ಲಿ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ನಮ್ಮಲ್ಲಿ ಫ್ಲಾಶನ್ನು ಬೇಕೆಂದೇ ಹೆಚ್ಚು ಸುರಿಯುವ ಅಭ್ಯಾಸ ಬೇರೂರಿದೆ. ಹುಡುಗಿ ಬೆಳ್ಳಗೆ ಕಾಣಬೇಕೆಂದು ಮನೆಯವರು ಕೇಳುತ್ತಾರೆ, ಕೇಳದಿದ್ದರೂ ಫೋಟೊದವರು ಕೊಡುತ್ತಾರೆ. ಎಣ್ಣೆಗೆಂಪು, ಗೋಧಿ, ಕಡುಗಂದು, ಹೊಳೆವ ಕಪ್ಪು ಎಲ್ಲವೂ ಒಂದೇ ಬಿಳಿಚು ಬಣ್ಣಕ್ಕೆ ಬಂದು ನಿಲ್ಲುತ್ತವೆ. ಒಂದು ಸ್ಟಾಪ್ ಹೆಚ್ಚಾದಾಗ ಹೋಗುವುದು ಮೈಬಣ್ಣ ಮಾತ್ರವಲ್ಲ. ಕೆನ್ನೆಯ ಏರಿಳಿತ, ಅರಿಸಿನದ ಲೇಪ, ಹುಬ್ಬಿನ ನಡುವಿನ ಕುಂಕುಮದ ಅಂಚು ಎಲ್ಲವೂ ಅಳಿಸಿಹೋಗುತ್ತವೆ. ಡಿಜಿಟಲ್ ಸೆನ್ಸರಿನಲ್ಲಿ ಒಮ್ಮೆ ಪೂರ್ತಿ ಬಿಳಿಯಾದ ಜಾಗದಿಂದ ಯಾವ ಸಾಫ್ಟ್‌ವೇರೂ ವಿವರವನ್ನು ಮರಳಿ ತರಲಾರದು. ಕಪ್ಪು ಮೈಬಣ್ಣವನ್ನು ಅಳೆದು ತೆಗೆದರೆ ಅದರ ಮೇಲಿನ ಹೊಳಪೇ ಮುಖದ ಆಕಾರವನ್ನು ಬರೆಯುತ್ತದೆ. ಅದಕ್ಕೆ ಬೇಕಾದದ್ದು ಹೆಚ್ಚು ಬೆಳಕಲ್ಲ, ದೊಡ್ಡ ಮೇಲ್ಮೈಯಿಂದ ಬರುವ ಮೆತ್ತನೆಯ ಬೆಳಕು. ಮುಖವನ್ನು ಇದ್ದಂತೆ ತೋರಿಸುವುದು ಫೋಟೊದವರ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಆ ದೊಡ್ಡ ಮೇಲ್ಮೈ ತಲೆಯ ಮೇಲೆಯೇ ಇರುತ್ತದೆ. ಫ್ಲಾಶಿನ ತಲೆಯನ್ನು ಮೇಲಕ್ಕೆ ಅಥವಾ ಪಕ್ಕದ ಗೋಡೆಗೆ ತಿರುಗಿಸಿದರೆ ಬೆಂಕಿಪೊಟ್ಟಣದಷ್ಟು ಅಗಲದ ಬೆಳಕು ಗೋಡೆಯಷ್ಟು ಅಗಲವಾಗಿ ಮರಳುತ್ತದೆ, ನೆರಳುಗಳ ಅಂಚು ಕರಗುತ್ತದೆ. ಬೌನ್ಸ್ ಮಾಡುವುದೆಂದರೆ ಇದೇ. ಸಾಮಾನ್ಯ ಎತ್ತರದ ಬಿಳಿ ಚಾವಣಿಗೆ ಬೌನ್ಸ್ ಮಾಡಿದರೆ ಸುಮಾರು ಎರಡು ಸ್ಟಾಪ್ ಬೆಳಕು ನಷ್ಟವಾಗುತ್ತದೆ. ಗೈಡ್ ನಂಬರ್ ಲೆಕ್ಕಕ್ಕೆ ಹಿಡಿಯಬೇಕಾದದ್ದು ಫ್ಲಾಶಿನಿಂದ ಚಾವಣಿಗೆ, ಚಾವಣಿಯಿಂದ ಮುಖಕ್ಕೆ, ಎರಡನ್ನೂ ಕೂಡಿಸಿದ ದೂರವನ್ನು. ಚಾವಣಿ ಎಂಟು ಹತ್ತು ಮೀಟರ್ ಎತ್ತರದ ಹೊಸ ಹಾಲ್‌ಗಳಲ್ಲಿ, ಬಣ್ಣದ ಶಾಮಿಯಾನದ ಕೆಳಗೆ ಈ ಆಟ ನಡೆಯದು. ಹಸಿರು ಗೋಡೆಗೆ ಬಡಿದ ಬೆಳಕು ಹಸಿರಾಗಿಯೇ ಮುಖಕ್ಕೆ ಬರುತ್ತದೆ. ಅಂಥ ಕಡೆ ಒಂದು ಬದಿಗೆ ಸ್ಟ್ಯಾಂಡಿನ ಮೇಲೆ ಬಿಳಿ ಕೊಡೆ ಕಟ್ಟಿ ಫ್ಲಾಶನ್ನು ಕ್ಯಾಮೆರಾದಿಂದ ದೂರವಿಟ್ಟು ರೇಡಿಯೊ ಟ್ರಿಗರಿನಿಂದ ಹಾರಿಸುವುದೇ ಒಳಿತು.

ಬಣ್ಣದ ಮಾತು ಬಂತು. ಫ್ಲಾಶಿನ ಬೆಳಕು ಸುಮಾರು 5,500 ಕೆಲ್ವಿನ್, ನಡುಹಗಲಿನ ಬಿಸಿಲಿನಂಥದು. ಹಳದಿ ಬಲ್ಬಿನ ಬೆಳಕು 3,000ದ ಆಸುಪಾಸು. ಎರಡನ್ನೂ ಬೆರೆಸಿದರೆ ಮುಖ ನೀಲಿಯಾಗುತ್ತದೆ ಅಥವಾ ಹಿನ್ನೆಲೆ ಕಿತ್ತಳೆಯಾಗುತ್ತದೆ. ಫ್ಲಾಶಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿ ಎರಡನ್ನೂ ಒಂದೇ ಬಣ್ಣಕ್ಕೆ ತಂದರೆ ತೊಂದರೆ ತೀರಿತು.

ದೂರ ಬದಲಾಗದ ಕಡೆ ಟಿಟಿಎಲ್ ಬೇಡವೇ ಬೇಡ. ಆರತಕ್ಷತೆಯ ವೇದಿಕೆಯಲ್ಲಿ ವಧೂವರರು ಒಂದೇ ಕಡೆ ನಿಂತಿರುತ್ತಾರೆ, ಫೋಟೊದವರೂ ಒಂದೇ ಕಡೆ. ಬದಲಾಗುವುದು ಕೈ ಕುಲುಕಲು ಬರುವ ನೆಂಟರ ಬಟ್ಟೆ ಮಾತ್ರ. ಟಿಟಿಎಲ್ ಪ್ರತಿ ಬಟ್ಟೆಗೂ ಹೊಸ ಲೆಕ್ಕ ಹಾಕಿ ವಧುವಿನ ಮುಖವನ್ನು ಚಿತ್ರದಿಂದ ಚಿತ್ರಕ್ಕೆ ಬದಲಿಸುತ್ತದೆ. ಮ್ಯಾನುವಲ್‌ನಲ್ಲಿ ಕಾಲು ಶಕ್ತಿಯೋ ಎಂಟನೇ ಒಂದು ಶಕ್ತಿಯೋ ಒಮ್ಮೆ ಅಳೆದಿಟ್ಟರೆ ಕೊನೆಯ ಅತಿಥಿಯವರೆಗೂ ಅದೇ. ಅಳೆಯಲು ಕೈಯಲ್ಲಿ ಹಿಡಿಯುವ ಫ್ಲಾಶ್ ಮೀಟರ್ ಇದೆ. ಅದರ ಬಿಳಿ ಗುಮ್ಮಟವನ್ನು ವಧುವಿನ ಗಲ್ಲದ ಬಳಿ ಹಿಡಿದು ಫ್ಲಾಶ್ ಹಾರಿಸಿದರೆ ಬೇಕಾದ ಅಪರ್ಚರ್ ತೋರಿಸುತ್ತದೆ. ಅದು ಅಳೆಯುವುದು ಮರಳುವ ಬೆಳಕನ್ನಲ್ಲ, ಬೀಳುವ ಬೆಳಕನ್ನು. ಹಾಗಾಗಿ ಸೀರೆ ಬಿಳಿಯಾಗಿದ್ದರೇನು, ಮುಖ ಕಪ್ಪಾಗಿದ್ದರೇನು, ಅದಕ್ಕೆ ಎರಡೂ ಒಂದೇ. ಮೀಟರ್ ಇಲ್ಲದವರು ಒಂದು ಚಿತ್ರ ತೆಗೆದು ಹಿಸ್ಟೊಗ್ರಾಮ್ ನೋಡಲಿ. ಮುಖದಲ್ಲಿ ಎಲ್ಲಾದರೂ ಬಿಳಿ ಮಿನುಗು ಎಚ್ಚರಿಕೆ ಕಂಡರೆ ಶಕ್ತಿ ಇಳಿಸಲಿ.

ಕಾಡಿನಲ್ಲೂ ಫ್ಲಾಶಿನ ಬೆಳಕನ್ನು ಹೀಗೆಯೇ ಅಳೆದು ಬಳಸಬೇಕಾದ ಕೆಲಸವಿದೆ. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಉತ್ತರ ಭಾರತದ ಕಾಡುದಾರಿಗೆ ಅಡ್ಡ ತಂತಿ ಕಟ್ಟಿ, ಹುಲಿ ತಾನೇ ಎಡವಿ ಫ್ಲಾಶ್ ಹೊತ್ತಿಸುವಂತೆ ಮಾಡಿ ಚಿತ್ರ ತೆಗೆದರು. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಟ್ರ್ಯಾಪ್‌ಗಳನ್ನಿಟ್ಟು, ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು ಬೆಳೆಸಿದರು. ಹುಲಿಯ ಎಡಬದಿಯ ಪಟ್ಟೆಯೇ ಬೇರೆ, ಬಲಬದಿಯದೇ ಬೇರೆ. ಅದಕ್ಕೇ ಎರಡು ಕ್ಯಾಮೆರಾ. ನಡೆಯುತ್ತಿರುವ ಹುಲಿಯ ಪಟ್ಟೆ ಕಲಸಿಹೋಗದೆ ಸ್ಪಷ್ಟವಾಗಿ ಮೂಡಲು ಕ್ಸೆನಾನ್ ಮಿಂಚಿನ ಅಲ್ಪಾವಧಿಯೇ ಕಾರಣ. ಬೆಳಕು ಹೆಚ್ಚಾಗಿ ಪಟ್ಟೆ ಅಳಿಸಿದರೆ ಆ ಚಿತ್ರದಿಂದ ವಿಜ್ಞಾನಕ್ಕೆ ಉಪಯೋಗವಿಲ್ಲ.

ಮತ್ತೆ ಛತ್ರಕ್ಕೆ. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ಗಟ್ಟಿಮೇಳ ಮೊಳಗಿದೊಡನೆ ಕೈ ಕೈಗಳಿಂದ ಅಕ್ಷತೆ ಹಾರುತ್ತದೆ. ಒಂದರ ಹಿಂದೊಂದು ಚಿತ್ರ ಬೇಕಾಗುವುದು ಆಗಲೇ. ಪೂರ್ಣ ಶಕ್ತಿಯಲ್ಲಿ ಹಾರಿಸಿದ ಫ್ಲಾಶಿಗೆ ಕೆಪಾಸಿಟರ್ ತುಂಬಲು ಮೂರು ನಾಲ್ಕು ಸೆಕೆಂಡ್ ಬೇಕು, ಸೆಲ್ ಹಳತಾಗಿದ್ದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ತಾಳಿಯ ಗಂಟು ಬಿದ್ದಾಗಿರುತ್ತದೆ. ಐಎಸ್‌ಒವನ್ನು 800ರಿಂದ 1600ಕ್ಕೆ ಏರಿಸಿದರೆ ಫ್ಲಾಶಿನ ಹೊರೆ ಅರ್ಧಕ್ಕಿಳಿಯುತ್ತದೆ, ತುಂಬುವ ಸಮಯವೂ ಇಳಿಯುತ್ತದೆ. ಎಂಟನೇ ಒಂದು ಶಕ್ತಿಯಲ್ಲಿ ಫ್ಲಾಶ್ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಲ ಬೇಸರವಿಲ್ಲದೆ ಹಾರುತ್ತದೆ. ಕಡಿಮೆ ಶಕ್ತಿಯ ಆ ಚುಟುಕು ಮಿಂಚಿನಲ್ಲಿ ಅಕ್ಕಿಯ ಕಾಳುಗಳು ಗಾಳಿಯಲ್ಲಿ ಒಂದೊಂದಾಗಿ ನಿಲ್ಲುತ್ತವೆ. ಜಾಗದ ಬೆಳಕೂ ಜೊತೆಗೆ ಏರುವುದರಿಂದ ಶಟರನ್ನು 1/125ರಿಂದ 1/200ರ ಕಡೆಗೆ ಒಯ್ದರೆ ಹಿನ್ನೆಲೆ ಬಹುಮಟ್ಟಿಗೆ ಮೊದಲಿದ್ದಲ್ಲಿಗೇ ಬರುತ್ತದೆ. ಚಾರ್ಜ್ ಮಾಡಿದ ಹೊಸ ಸೆಲ್‌ಗಳನ್ನು ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆಯೇ ಹಾಕಿಟ್ಟುಕೊಳ್ಳಬೇಕು, ಹಳೆಯವು ಇನ್ನೂ ನಡೆಯುತ್ತಿದ್ದರೂ ಸರಿಯೇ.